ಟನ್ ಎಂಬ ಬಾಲ, ನನ್ನ ಬೇಲಿ

ಕೆಲಸದಿಂದ ನಿವೃತ್ತನಾದ ಮನುಷ್ಯ ಏನನ್ನಾದರೂ ಹಿಡಿದುಕೊಳ್ಳಲೇಬೇಕು. ಕೆಲವರು ವಾಕಿಂಗ್ ಹಿಡಿಯುತ್ತಾರೆ, ಕೆಲವರು ಮಠ ಹಿಡಿಯುತ್ತಾರೆ, ಕೆಲವರು ಮನೆಯಲ್ಲೇ ಕೂತು ಸೊಸೆಯ ತಪ್ಪು ಹಿಡಿಯುತ್ತಾರೆ. ನಾನು ಪದಗಳ ಬಾಲ ಹಿಡಿದೆ. ವ್ಯಾಕರಣದವರು ಇದಕ್ಕೆ ಪ್ರತ್ಯಯ ಎಂಬ ಗೌರವದ ಹೆಸರಿಟ್ಟಿದ್ದಾರೆ. ಆದರೆ ಪದದ ಹಿಂದುಗಡೆ ಅಂಟಿಕೊಂಡು, ಪದ ಹೋದ ಕಡೆಗೆಲ್ಲ ತಾನೂ ಹೋಗಿ, ಯಾರ ಗಮನಕ್ಕೂ ಬಾರದೆ ಅಲ್ಲಾಡುತ್ತಿರುವ ಅದನ್ನು ಬಾಲ ಎಂದು ಕರೆಯುವುದೇ ನನಗೆ ಸರಿ ಎನ್ನಿಸುತ್ತದೆ. ನಮ್ಮ ಸುತ್ತಮುತ್ತಲನ್ನೇ ನೋಡಿ. ತುರುವೇಕೆರೆ, ನೊಣವಿನಕೆರೆ ಎಂದು ಕರೆಯುವಾಗ ನಾವು ತುರುವನ್ನೂ ನೋಡುವುದಿಲ್ಲ, ಕೆರೆಯನ್ನೂ ನೋಡುವುದಿಲ್ಲ. ಬಸ್ಸಿನಲ್ಲಿ ಸೀಟು ಇದೆಯೋ ಇಲ್ಲವೋ ಅಷ್ಟನ್ನೇ ನೋಡುತ್ತೇವೆ.

ತುರುವೇಕೆರೆಯ ಒಂದು ಕಾಲೇಜಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರಾಗಿ ಬಾಳು ಸವೆಸಿದವನು. ಅಷ್ಟು ವರ್ಷದಲ್ಲಿ ಒಂದು ಪದ ಎಲ್ಲಿಂದ ಬಂತು ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಸಾರ್, ಇದು ಪರೀಕ್ಷೆಗೆ ಬತ್ತೈತಾ?" ಬರುವುದಿಲ್ಲ ಎಂದ ತಕ್ಷಣ ಪೆನ್ನಿನ ಮುಚ್ಚಳಗಳು ಒಟ್ಟಿಗೆ ಟಿಕ್ ಎಂದು ಮುಚ್ಚಿಕೊಳ್ಳುತ್ತಿದ್ದವು. ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಪದಗಳ ಮೂಲ ಹೇಳುವ ಒಂದು ದಪ್ಪ ನಿಘಂಟನ್ನೂ ಕೊಟ್ಟರು. ಹಣ್ಣು ಆ ವಾರವೇ ಮುಗಿಯಿತು. ನಿಘಂಟು ನನ್ನನ್ನು ಹಿಡಿದುಕೊಂಡಿತು. ಇನ್ನು ಮುಂದೆ ನನ್ನ ಬದುಕಿನಲ್ಲಿ ಪರೀಕ್ಷೆಗೆ ಬರುವಂಥದ್ದು ಏನೂ ಇಲ್ಲವಾದ್ದರಿಂದ ಏನನ್ನು ಬೇಕಾದರೂ ಓದಬಹುದು ಎಂಬ ಧೈರ್ಯ ಬಂದುಬಿಟ್ಟಿತು.

ಮೊದಲು ಕೈಗೆ ಸಿಕ್ಕ ಬಾಲವೇ 'ಟನ್'. ಇಂಗ್ಲೆಂಡಿನಲ್ಲಿ ಎಲ್ಲಿ ಕಲ್ಲೆಸೆದರೂ ಒಂದು ಟನ್ ಮೇಲೆ ಬೀಳುತ್ತದೆ. ಪ್ರೆಸ್ಟನ್, ಬ್ರೈಟನ್, ಕಿಂಗ್‌ಸ್ಟನ್, ಮಿಡಲ್‌ಟನ್. ಇದು ಟೌನ್ ಎಂಬ ಪದದ ಸವೆದುಹೋದ ರೂಪ ಎಂದು ಯಾರು ಬೇಕಾದರೂ ಊಹಿಸಬಹುದು. ಆದರೆ ಆ ಟೌನ್ ಎಲ್ಲಿಂದ ಬಂತು ಎಂದು ನೋಡಹೊರಟರೆ ಊರೇ ಮಾಯವಾಗಿ ಬೇಲಿಯೊಂದು ಎದುರಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಟೂನ್ ಎಂದರೆ ಬೇಲಿ ಹಾಕಿ ಸುತ್ತುಗಟ್ಟಿದ ಜಾಗ. ಅದೇ ಪದ ಜರ್ಮನ್ ಭಾಷೆಯಲ್ಲಿ ತ್ಸೌನ್ ಆಗಿ ಇವತ್ತಿಗೂ ಬರೀ ಬೇಲಿಯಾಗಿಯೇ ಉಳಿದಿದೆ. ಡಚ್ಚರಲ್ಲಿ ಅದು ಟೌಯ್ನ್, ಅಂದರೆ ತೋಟ. (ಇದನ್ನು ಸರಿಯಾಗಿ ಉಚ್ಚರಿಸಬೇಕಾದರೆ ಬಾಯಲ್ಲಿ ಬಿಸಿ ಅವರೆಕಾಳು ಇರಬೇಕು.) ಐಸ್‌ಲೆಂಡಿನವರಿಗೆ ಟೂನ್ ಎಂದರೆ ಮನೆಯ ಮಗ್ಗುಲಿನ ಹುಲ್ಲುಗಾವಲು. ಐರ್ಲೆಂಡಿನವರ ಸಂಬಂಧಿ ಪದ ಡೂನ್. ಅವರು ಒಂದು ಹೆಜ್ಜೆ ಮುಂದೆ ಹೋಗಿ ಕೋಟೆಯನ್ನೇ ಕಟ್ಟಿದ್ದಾರೆ. ಜರ್ಮನಿಯವನು ಬೇಲಿಯನ್ನು ನೋಡಿದ, ಡಚ್ಚಿನವನು ಬೇಲಿಯೊಳಗಿನ ಗಿಡ ನೋಡಿದ, ಐಸ್‌ಲೆಂಡಿನವನು ದನಕ್ಕೆ ಮೇವು ನೋಡಿದ, ಇಂಗ್ಲಿಷಿನವನು ಅಲ್ಲೇ ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಕೊಟ್ಟ.

ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಕಿಂಗ್‌ಸ್ಟನ್ ಎಂದರೆ ಅರಸಾಪುರ, ಮಿಡಲ್‌ಟನ್ ಎಂದರೆ ನಡುವಲಹಳ್ಳಿ, ಪಾದ್ರಿಗಳಿದ್ದ ಪ್ರೆಸ್ಟನ್ ಎಂದರೆ ನಮ್ಮ ಕಡೆಯ ಐನೋರಹಳ್ಳಿ, ನ್ಯೂಟನ್ ಎಂಬ ಹೆಸರಿನ ಊರುಗಳೆಲ್ಲ ಹೊಸಹಳ್ಳಿಗಳು. ನಮ್ಮ ತಾತಂದಿರು ಟೊಪ್ಪಿ ತೆಗೆದು, ನಡು ಬಗ್ಗಿಸಿ ನಿಂತದ್ದು ಹೊಸಹಳ್ಳಿ, ಅರಸಾಪುರದ ಹೈಕಳ ಮುಂದೆ ಎಂದು ತಿಳಿದು ನನಗೆ ಒಂದು ಬಗೆಯ ಸಮಾಧಾನವೂ ಆಯಿತು. ಇಂಥ ವಿಷಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರುವುದು ಹೇಗೆ? ಹೆಂಡತಿ ನಾಗರತ್ನಳಿಗೆ ಹೇಳಿದೆ. ಅವಳು ರಾಗಿಹಿಟ್ಟು ಜರಡಿ ಹಿಡಿಯುತ್ತಾ ಪೂರ್ತಿ ಕೇಳಿ, "ಬೇಲಿ ಅಂದ್ರಲ್ಲ, ನೆನಪಾಯ್ತು. ಹಿತ್ತಲ ಬೇಲೀಲಿ ತೂತಾಗೈತೆ, ನಾಯಿ ನುಗ್ತೈತೆ. ಮೊದ್ಲು ಅದನ್ನ ಮುಚ್ರಿ" ಅಂದಳು. ಒಂದು ಮದುವೆಯಲ್ಲಿ ಪಕ್ಕದ ಎಲೆಯಲ್ಲಿ ಕೂತಿದ್ದ ನನ್ನ ಹಳೆಯ ವಿದ್ಯಾರ್ಥಿಗೆ ಹೇಳಿದೆ. ಅವನು ತುಂಬ ವಿನಯದಿಂದ, "ಅಂಗಾದ್ರೆ ಸಾರ್, ಮಟನ್ ಯಾವ ಊರು?" ಎಂದು ಕೇಳಿದ. ಲಿಂಗಾಯತರ ಮದುವೆಯ ಪಂಕ್ತಿಯಲ್ಲಿ ಆ ಪದ ಸ್ವಲ್ಪ ಜೋರಾಗಿಯೇ ಕೇಳಿಸಿತು. ಬಡಿಸುತ್ತಿದ್ದವರು ನನ್ನ ಎಲೆಗೆ ಎರಡನೇ ಸಲ ಹೋಳಿಗೆ ಹಾಕದೆ ಮುಂದೆ ಹೋದರು.

ಈ ಪ್ರಪಂಚದಲ್ಲಿ ನನ್ನ ಬಾಲಗಳನ್ನು ಮನಸ್ಸಿಟ್ಟು ಕೇಳುತ್ತಿದ್ದವನು ಒಬ್ಬನೇ, ನಂಜುಂಡಪ್ಪ. ನನ್ನ ತೆಂಗಿನ ತೋಟದ ಪಕ್ಕದ್ದೇ ಅವನ ತೋಟ. ನಡುವೆ ಇದ್ದದ್ದು ಒಂದು ಮೊಳಕಾಲೆತ್ತರದ ಬದು ಮಾತ್ರ. ಪ್ರೈಮರಿ ಶಾಲೆಯಲ್ಲಿ ನಾವಿಬ್ಬರೂ ಒಂದೇ ಮಣೆಯ ಮೇಲೆ ಕೂತವರು. ನಾನು ಓದುತ್ತಾ ಹೋದೆ, ಅವನು ಅಪ್ಪನ ತೋಟಕ್ಕೆ ಹೋದ. ನಾನು ಮೇಷ್ಟ್ರಾದ ದಿನದಿಂದ ಅವನು ನನ್ನನ್ನು ಬಹುವಚನದಲ್ಲಿ ಕರೆಯತೊಡಗಿದ. ಎಷ್ಟು ಹೇಳಿದರೂ ಬಿಡಲಿಲ್ಲ. ದಿನಾ ಸಂಜೆ ನೀರು ಕಟ್ಟಿ ಮುಗಿಸಿ ಆ ಬದುವಿನ ಮೇಲೆ ಬಂದು ಕೂರುತ್ತಿದ್ದ. ನಾನು ಈ ಕಡೆ ಕಾಲು ಬಿಟ್ಟು, ಅವನು ಆ ಕಡೆ ಕಾಲು ಬಿಟ್ಟು. ಅಡಿಕೆ ಹೋಳು ಬಾಯಿಗೆಸೆದುಕೊಂಡು, "ಹೂಂ, ಹೇಳಿ" ಅನ್ನುತ್ತಿದ್ದ. ನಾನು ಹೇಳುತ್ತಾ ಹೋದರೆ ನಡುನಡುವೆ, "ಆಮ್ಯಾಕೆ?" ಎಂದು ಕೇಳುತ್ತಿದ್ದ. ಬದುಕೆಲ್ಲ ಪಾಠ ಮಾಡಿದರೂ ಒಬ್ಬರ ಬಾಯಲ್ಲೂ ಆಮೇಲೆ ಎಂಬ ಪದ ಕೇಳದವನಿಗೆ ಅದು ಎಷ್ಟು ದೊಡ್ಡ ಸುಖ ಎಂಬುದನ್ನು ಮೇಷ್ಟ್ರುಗಳಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಆ ಒಂದು ಮಾತಿಗಾಗಿ ನಾನು ಬೆಳಿಗ್ಗೆಯಿಂದ ನಿಘಂಟು ಓದಿ ತಯಾರಾಗುತ್ತಿದ್ದೆ.

ಒಂದು ಸಂಜೆ ಅವನಿಗೆ ಟನ್ ಬಾಲದ ಕಥೆ ಹೇಳುತ್ತಿದ್ದೆ. ಬೇಲಿಯಿಂದ ತೋಟ, ತೋಟದಿಂದ ಊರು ಎಂಬಲ್ಲಿಗೆ ಬಂದು, ಇನ್ನೇನು ಐಸ್‌ಲೆಂಡಿಗೆ ಹೊರಡಬೇಕು, ಆಗ ನಂಜುಂಡಪ್ಪ ಕೇಳಿದ, "ಅಂಗಾದ್ರೆ ಮೇಷ್ಟ್ರೇ, ಬೇಲಿ ಇಲ್ದಿದ್ರೆ ಅದು ತೋಟಾನೂ ಅಲ್ಲ, ಊರೂ ಅಲ್ಲ?"

"ಆ ಲೆಕ್ಕದಲ್ಲಿ ಅಲ್ಲ" ಅಂದೆ.

ಅವನು ಬದುವಿನ ಈ ಕಡೆ ಆ ಕಡೆ ನೋಡಿ, "ಅಂಗಾದ್ರೆ ಈಗ ನೀವು ಎಲ್ಲಿ ಕುಂತಿದ್ದೀರಿ?" ಎಂದು ಕೇಳಿದ.

ಅವನು ಗೇಲಿ ಮಾಡಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ. ಅದೇ ನನಗೆ ಹೆಚ್ಚು ಚುಚ್ಚಿತು. ಗೇಲಿಗಾದರೆ ಒಂದು ಉತ್ತರ ಕೊಡಬಹುದಿತ್ತು. ಅದೇ ವಾರ ಅವನ ಕರು ಬದು ದಾಟಿ ಬಂದು ನಾನು ಹೊಸದಾಗಿ ನೆಟ್ಟಿದ್ದ ತೆಂಗಿನ ಸಸಿಗಳ ಸುಳಿಯನ್ನು ನೀಟಾಗಿ ಮೇಯ್ದುಬಿಟ್ಟಿತು. ನಂಜುಂಡಪ್ಪ ಮರುದಿನವೇ ಬಂದು, "ನನ್ನ ಮಡೀಲಿ ಒಳ್ಳೇ ಸಸಿ ಅವೆ, ತಂದು ನೆಟ್ಟು ಕೊಡ್ತೀನಿ ಬುಡಿ" ಅಂದ. ಅವನು ಹಾಗೆ ಅಂದದ್ದೂ ನನಗೆ ಸರಿಬೀಳಲಿಲ್ಲ. ಯೂರೋಪು ಖಂಡವೆಲ್ಲ ಬೇಲಿ ಹಾಕಿಕೊಂಡು ನಾಗರಿಕವಾಗಿರುವಾಗ ನಾನೊಬ್ಬ ಕರು ನುಗ್ಗುವ ಬಯಲಿನಲ್ಲಿ ಕೂತು ಪಾಠ ಹೇಳುತ್ತಿದ್ದೇನಲ್ಲ ಎಂದು ಅನ್ನಿಸತೊಡಗಿತು. ತಿಪಟೂರಿಗೆ ಹೋಗಿ ಕಲ್ಲುಕಂಬಕ್ಕೂ ಮುಳ್ಳುತಂತಿಗೂ ಹೇಳಿ ಬಂದೆ.

ನಾಗರತ್ನ ಒಂದೇ ಮಾತು ಹೇಳಿದಳು. "ನಡೂಕೆ ಒಂದು ಕಂಡಿ ಬುಡ್ಸಿ. ನಾನು ಶಿವಗಂಗಮ್ಮನ ತಾವ ಹೋಗಿ ಬರ್ಬೇಕು." ಶಿವಗಂಗಮ್ಮ ನಂಜುಂಡಪ್ಪನ ಹೆಂಡತಿ, ಅವರ ಮನೆ ಅವರ ತೋಟದೊಳಗೇ. ಇವರಿಬ್ಬರ ನಡುವೆ ಹೆಪ್ಪಿನ ಮೊಸರು, ಕರಿಬೇವು, ಊರಿನ ಸುದ್ದಿ ಎಲ್ಲವೂ ಬದು ದಾಟಿಯೇ ಓಡಾಡುತ್ತಿದ್ದವು. ನಾನು, ಕಂಡಿ ಬಿಟ್ಟರೆ ಅದು ಬೇಲಿಯಾಗುವುದಿಲ್ಲವೆಂದೂ, ಜರ್ಮನ್ನರು ಹಾಗೆ ಬಿಟ್ಟಿದ್ದರೆ ಆ ಪದ ಇಲ್ಲಿಯವರೆಗೆ ಬರುತ್ತಲೇ ಇರಲಿಲ್ಲವೆಂದೂ ವಿವರಿಸಿದೆ. ಅವಳು ಜರಡಿಯನ್ನು ಗೋಡೆಗೆ ಸ್ವಲ್ಪ ಜೋರಾಗಿ ಬಡಿದು ಹಿಟ್ಟು ಉದುರಿಸಿದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಆ ಸದ್ದಿನ ಅರ್ಥ ನನಗೆ ಗೊತ್ತಿರಬೇಕಿತ್ತು.

ಬೇಲಿ ಹಾಕುವ ದಿನ ನಡೆದದ್ದನ್ನು ಹೇಳಲು ನನಗೆ ಇವತ್ತಿಗೂ ನಾಚಿಕೆ. ಕೆಲಸದವರು ತಂತಿ ಎಳೆಯುವುದನ್ನು ನೋಡಿ ನಂಜುಂಡಪ್ಪ ಬಂದ. ಜಗಳಕ್ಕೆ ಬಂದ ಎಂದುಕೊಂಡು ನಾನು ಎದೆ ಗಟ್ಟಿ ಮಾಡಿಕೊಂಡೆ. ಅವನು ಟವೆಲನ್ನು ತಲೆಗೆ ಸುತ್ತಿ, ತಂತಿಯ ಇನ್ನೊಂದು ತುದಿ ಹಿಡಿದು, "ಜೋಲು ಬುಡಬ್ಯಾಡ್ರಪ್ಪಾ, ಬಿಗಿಯಾಗಿ ಎಳೀರಿ, ಇಲ್ದಿದ್ರೆ ನನ್ನ ಕರ ನುಗ್ತೈತೆ" ಎಂದು ಕೆಲಸಕ್ಕೇ ನಿಂತುಬಿಟ್ಟ. ನಮ್ಮ ಕಡೆ ಪಕ್ಕದ ತೋಟದಲ್ಲಿ ಏನೇ ಕೆಲಸ ನಡೆದರೂ ಒಂದು ಕೈ ಹಾಕುವುದು ವಾಡಿಕೆ. ಅದು ತನ್ನನ್ನೇ ಹೊರಗಿಡುವ ಕೆಲಸ ಎಂಬ ಕಾರಣಕ್ಕೆ ಆ ವಾಡಿಕೆಯನ್ನು ಬಿಡಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ಸಂಜೆಗೆ ಬೇಲಿ ಮುಗಿಯಿತು. ಅವನು ಆ ಕಡೆ, ನಾನು ಈ ಕಡೆ. "ಚೆನ್ನಾಗಾಗೈತೆ. ಬತ್ತೀನಿ ಮೇಷ್ಟ್ರೇ" ಅಂದು ಹೊರಟುಹೋದ. ಮರುದಿನ ಸಂಜೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಅವನಿಗೆ ಕೋಪ ಬಂದಿರಲಿಲ್ಲ. ಬೇಲಿಯ ಈಚೆ ಆಚೆ ನಿಂತು ಮಾತಾಡುವುದಕ್ಕೆ ನಮ್ಮಲ್ಲಿ ಒಂದೇ ಅರ್ಥ, ತಕರಾರು. ಇದು ನನಗೆ ತಿಳಿದದ್ದು, ಒಂದು ದಿನ ತಡೆಯಲಾರದೆ ತಂತಿಯ ಹತ್ತಿರ ನಿಂತು ಅವನನ್ನು ಕೂಗಿ ಕರೆದಾಗ. ಐಸ್‌ಲೆಂಡಿನ ಹುಲ್ಲುಗಾವಲಿನ ವಿಷಯ ಅವತ್ತು ಹಾಗೇ ನಿಂತುಹೋಗಿತ್ತಲ್ಲ, ಅದನ್ನು ಹೇಳಲು ಶುರು ಮಾಡಿದೆ. ಕೈ ಸ್ವಲ್ಪ ಆಡಿಸಿ ಮಾತಾಡುವುದು ನನ್ನ ಅಭ್ಯಾಸ. ಕಾಲುವೆ ಏರಿಯ ಮೇಲೆ ಹೋಗುತ್ತಿದ್ದವನೊಬ್ಬ ಸೈಕಲ್ ನಿಲ್ಲಿಸಿ, "ಏನ್ ಸ್ವಾಮಿ, ಎಷ್ಟು ಒತ್ತುವರಿಯಾಗೈತೆ? ಸರ್ವೆ ಮಾಡಿಸಿದ್ರಾ?" ಎಂದು ಕೇಳಿದ. ಇನ್ನಿಬ್ಬರು ಬಂದು ನಿಂತರು. ಒಬ್ಬರು ಹಿರಿಯರು, "ಊರಾಗೆ ಕೂತು ಮಾತಾಡಾನ ಬನ್ರಪ್ಪಾ, ಹಿಂಗೆ ಬಯಲಲ್ಲಿ ಕಿತ್ತಾಡಬಾರ್ದು" ಎಂದು ನನ್ನ ಭುಜ ಸವರಿದರು. ನಾವು ಡೆನ್ಮಾರ್ಕಿನಾಚೆಯ ಒಂದು ದ್ವೀಪದ ಹುಲ್ಲಿನ ವಿಷಯ ಮಾತಾಡುತ್ತಿದ್ದೇವೆ ಎಂದರೆ ಯಾರು ನಂಬುತ್ತಾರೆ? ನಂಜುಂಡಪ್ಪನಿಗೆ ಮುಖ ಎತ್ತಲಾಗಲಿಲ್ಲ. ಅವನು ಮರ್ಯಾದಸ್ಥ, ಮೇಷ್ಟ್ರ ಜೊತೆ ಜಗಳ ಎಂಬ ಮಾತು ಊರಿನಲ್ಲಿ ಹುಟ್ಟುವುದು ಅವನಿಗೆ ಬೇಡವಾಗಿತ್ತು. ಅವತ್ತಿನಿಂದ ಅವನು ನನ್ನ ಬೇಲಿಯ ಹತ್ತಿರ ಸುಳಿಯುವುದನ್ನೇ ಬಿಟ್ಟ.

ನನಗೆ ಬಹಳ ಬೇಜಾರಾಯಿತು. ಸಂಜೆಗಳು ಉದ್ದವಾದವು. ನಿಘಂಟು ತೆರೆದರೆ ಒಳ್ಳೊಳ್ಳೆಯ ಬಾಲಗಳು ಸಿಗುತ್ತಿದ್ದವು, ಹೇಳೋಣವೆಂದರೆ ಜನವಿಲ್ಲ. ನಾಗರತ್ನಳೂ ನನ್ನ ಜೊತೆ ಮಾತು ಕಮ್ಮಿ ಮಾಡಿದ್ದಳು. ಅವಳ ಗೆಳತಿಯ ಮನೆಗೆ ಈಗ ರಸ್ತೆ ಸುತ್ತಿ ಹೋಗಬೇಕಿತ್ತು, ಅಷ್ಟು ದೂರ ಹೆಪ್ಪು ತರುವಷ್ಟರಲ್ಲಿ ಅದು ಮೊಸರೇ ಆಗಿರುತ್ತಿತ್ತು. ಒಂದು ಸಂಜೆ ನಾನು ಬದುವಿನ ಮೇಲೆ ಒಬ್ಬನೇ ಕೂತು, ಡಚ್ ಪದವನ್ನು ತೆಂಗಿನ ಮರಕ್ಕೆ ಹೇಳಿದೆ. ಮರ ಒಂದು ಒಣಗಿದ ಗರಿ ಬೀಳಿಸಿತು. ಅದು ನನ್ನ ಪಕ್ಕದಲ್ಲೇ ಬಿದ್ದದ್ದರಿಂದ ಎದ್ದು ಮನೆಗೆ ಹೋದೆ.

ಅಷ್ಟರಲ್ಲಿ ಕಾಯಿ ಕೀಳುವ ಸಮಯ ಬಂತು. ಮರ ಹತ್ತುವ ರಂಗಸ್ವಾಮಿ ಬಂದು ಎರಡು ದಿನದಲ್ಲಿ ಕಾಯೆಲ್ಲ ಕಿತ್ತು ತೋಟದ ನಡುವೆ ರಾಶಿ ಹಾಕಿದ. ಗುಂಡುಗುಂಡಾದ ಒಳ್ಳೆಯ ಕಾಯಿ. ಅವನು ಸೊಂಟದ ಹಗ್ಗ ಬಿಚ್ಚುತ್ತಾ, ಬೇಲಿಯನ್ನೊಮ್ಮೆ ನೋಡಿ, "ಮೇಷ್ಟ್ರೇ, ಟ್ರಾಕ್ಟರ್ ಎತ್ಲಾಗಿಂದ ಬತ್ತೈತೆ?" ಎಂದು ಕೇಳಿದ.

ನಾನು ಬೇಲಿಯ ಉದ್ದಕ್ಕೂ ಕಣ್ಣಾಡಿಸಿದೆ. ನನ್ನ ತೋಟಕ್ಕೆ ನಾನು ಹೋಗಿಬರುವುದು ಕಾಲುವೆ ಏರಿಯ ಮೇಲೆ, ನಡೆದುಕೊಂಡು. ಅದು ಒಬ್ಬ ಮನುಷ್ಯ ಹುಷಾರಾಗಿ ನಡೆಯುವಷ್ಟು ಅಗಲ. ಕಾಯಿ ತುಂಬಿದ ಗಾಡಿ ನಮ್ಮಪ್ಪನ ಕಾಲದಿಂದಲೂ ರಸ್ತೆಗೆ ಹೋಗುತ್ತಿದ್ದದ್ದು ನಂಜುಂಡಪ್ಪನ ತೋಟದೊಳಗೆ ಹಾದು. ಅದಕ್ಕೆ ದಾರಿ ಎಂಬ ಹೆಸರೂ ಇರಲಿಲ್ಲ. ಬದು ಸ್ವಲ್ಪ ತಗ್ಗಾಗಿದ್ದ ಕಡೆ ಗಾಡಿ ಹತ್ತಿ ಇಳಿಯುತ್ತಿತ್ತು, ಅಷ್ಟೆ. ಯಾರೂ ಕೇಳುತ್ತಿರಲಿಲ್ಲ, ಯಾರೂ ಕೊಡುತ್ತಿರಲಿಲ್ಲ, ಆದ್ದರಿಂದ ಅದು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಬೇಲಿ ಹಾಕಿ ನಾನು ಕರುವನ್ನು ಹೊರಗಿಟ್ಟಿದ್ದೆ, ನನ್ನ ಬೆಳೆಯನ್ನು ಒಳಗೇ ಇಟ್ಟಿದ್ದೆ.

ಬೇರೆ ಸೀಮೆಯವರಿಗೆ ಇದರ ಕಷ್ಟ ಪೂರ್ತಿ ತಿಳಿಯಲಿಕ್ಕಿಲ್ಲ. ನಾವು ಕಾಯಿಯನ್ನು ಸಿಪ್ಪೆ ಸಮೇತ ಮನೆಯ ಅಟ್ಟಕ್ಕೇರಿಸಿ ಹತ್ತಿರ ಹತ್ತಿರ ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಕ್ಕನೆ ಸದ್ದು ಮಾಡಬೇಕು. ಆಗ ಅದು ಉಂಡೆ ಕೊಬ್ಬರಿ. ತೋಟದಲ್ಲೇ ನೆಲದ ಮೇಲೆ ಬಿಟ್ಟರೆ ನಾಲ್ಕು ಮಳೆ ಬಿದ್ದರೆ ಸಾಕು, ಮೊಳಕೆಯೊಡೆದು ಕೂರುತ್ತದೆ. ಮೋಡ ದಿನಾ ಸಂಜೆ ಬಂದು ನನ್ನ ರಾಶಿಯನ್ನು ನೋಡಿಕೊಂಡು ಹೋಗುತ್ತಿತ್ತು. ರಂಗಸ್ವಾಮಿಯ ಕಡೆಯವರು ಕಾಲುವೆ ಏರಿಯ ಮೇಲೆ ತಲೆಹೊರೆ ಹೊರಲು ಒಪ್ಪಲಿಲ್ಲ. ನಂಜುಂಡಪ್ಪನನ್ನು ಹೋಗಿ ಕೇಳೋಣವೆಂದರೆ ಏನೆಂದು ಕೇಳುವುದು? ದಾರಿ ಕೊಡು ಎನ್ನಲು ಅವನು ದಾರಿ ಮುಚ್ಚಿರಲಿಲ್ಲ. ಬೇಲಿ ತೆಗೆಯೋಣವೆಂದರೆ ತಂತಿಯ ಹೊಳಪು ಇನ್ನೂ ಮಾಸಿರಲಿಲ್ಲ. "ನಿಮ್ ಜರ್ಮನ್ನೋರ್ಗೆ ಒಂದು ಫೋನ್ ಮಾಡ್ರಿ, ಬಂದು ಹೊತ್ಕೊಂಡು ಹೋಗ್ಲಿ" ಅಂದಳು ನಾಗರತ್ನ. ಹಲವು ದಿನಗಳ ಮೇಲೆ ಅವಳು ನನ್ನ ಜೊತೆ ಪೂರ್ತಿ ವಾಕ್ಯವೊಂದನ್ನು ಆಡಿದ್ದು ಅದೇ.

ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ತೆಂಗಿನಕಾಯಿ ನೀರಿನಲ್ಲಿ ತೇಲುತ್ತದೆ. ಕಾಲುವೆಗೆ ಆ ವಾರ ನೀರು ಬಿಟ್ಟಿದ್ದರು. ಕಾಲುವೆ ನನ್ನ ತೋಟದ ಅಂಚಿನಲ್ಲಿ ಹರಿದು, ನಂಜುಂಡಪ್ಪನ ತೋಟದ ಮಗ್ಗುಲಲ್ಲಿ ಹಾದು, ಊರ ಕಡೆ ತಿರುಗಿ ನನ್ನ ಮನೆಯ ಹಿತ್ತಲ ಹಿಂದೆಯೇ ಹೋಗುತ್ತದೆ. ಟ್ರಾಕ್ಟರೂ ಬೇಡ, ಕೂಲಿಯೂ ಬೇಡ, ಯಾರ ಮುಂದೆ ನಿಂತು ಕೇಳುವುದೂ ಬೇಡ. ಡಚ್ಚರು ಇಂಥವನ್ನೆಲ್ಲ ದೋಣಿಯಲ್ಲಿ ಸಾಗಿಸುತ್ತಾರೆ, ನಮ್ಮ ಕಾಯಿಗೆ ದೋಣಿಯೂ ಬೇಕಿಲ್ಲ. ನಾಗರತ್ನಳನ್ನು ಬೇಡಿಕೊಂಡು, ಮಂಕರಿ ಕೊಟ್ಟು, ಹಿತ್ತಲ ಹಿಂದೆ ಕಾಲುವೆಯ ಪಕ್ಕ ಕೂರಿಸಿದೆ. ನಾನೂ ರಂಗಸ್ವಾಮಿಯೂ ಈ ತುದಿಯಲ್ಲಿ ಕಾಯಿಗಳನ್ನು ಒಂದೊಂದಾಗಿ ನೀರಿಗೆ ಬಿಡತೊಡಗಿದೆವು. ಅವು ಸಾಲಾಗಿ, ಮೆಲ್ಲಗೆ ತಲೆಯಾಡಿಸುತ್ತಾ ಹೊರಟವು. ಇಷ್ಟು ಶಿಸ್ತಾಗಿ ಹೋಗುವ ಸಾಲನ್ನು ನಾನು ಕಾಲೇಜಿನಲ್ಲಿ ಕಂಡಿರಲಿಲ್ಲ. ರಂಗಸ್ವಾಮಿ ಒಂದೆರಡು ಸಲ ಏನೋ ಹೇಳಲು ಬಂದ. "ಬಿಡಪ್ಪಾ, ಬಿಡು" ಎಂದು ಕೆಲಸ ಮುಂದುವರಿಸಿದೆ.

ಅರ್ಧ ರಾಶಿ ಕರಗಿದ ಮೇಲೆ ಹೆಂಡತಿಗೆ ಫೋನ್ ಮಾಡಿದೆ. "ಎಷ್ಟು ಬಂದವು?" ಅಂದೆ. "ಒಂದು ಎಡಗಾಲಿನ ಚಪ್ಪಲಿ ಬಂತು" ಅಂದಳು. "ಕಾಯಿ?" ಅಂದೆ. "ನೀರೇ ನಿಂತೋಗೈತೆ ಕಣ್ರೀ. ನಾನೂ ಎದ್ದೋಗ್ತೀನಿ" ಅಂದಳು. ನಾನು ರಂಗಸ್ವಾಮಿಯ ಮುಖ ನೋಡಿದೆ. ಅವನು ಆಕಾಶ ನೋಡುತ್ತಾ, "ಅದೇ ಹೇಳಾಕೆ ಬಂದೆ. ಇವತ್ತು ನೀರಿನ ಸರದಿ ನಂಜುಂಡಪ್ಪಾರದು" ಅಂದ. ಯಾರ ಸರದಿಯೋ ಅವರು ಕಾಲುವೆಗೆ ಅಡ್ಡ ಮಣ್ಣು ಹಾಕಿ ನೀರನ್ನು ತಮ್ಮ ತೋಟಕ್ಕೆ ತಿರುಗಿಸಿಕೊಳ್ಳುತ್ತಾರೆ. ಇದು ನಮ್ಮೂರಿನಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು, ಆ ಹೊತ್ತಿಗೆ ನಾನು ಹಾಲೆಂಡಿನಲ್ಲಿದ್ದೆ.

ಬೇಲಿಯ ಹತ್ತಿರ ಓಡಿದೆ. ನಂಜುಂಡಪ್ಪನ ತೋಟದ ತುಂಬ ನೀರು ನಿಂತಿತ್ತು, ಒಂದೊಂದು ಮರದ ಪಾತಿಯಲ್ಲೂ ನನ್ನ ಕಾಯಿಗಳು ನೆಂಟರ ಹಾಗೆ ನಿಧಾನವಾಗಿ ಸುತ್ತು ಬರುತ್ತಿದ್ದವು. ನಡುವೆ ಗುದ್ದಲಿ ಹಿಡಿದು, ಪಂಚೆ ಎತ್ತಿಕಟ್ಟಿ ನಂಜುಂಡಪ್ಪ ನಿಂತಿದ್ದ. ಕಾಯಿ ಯಾರ ತೋಟದಲ್ಲಿ ಸಿಕ್ಕಿತೋ ಅವರದು ಎಂದುಬಿಟ್ಟಿದ್ದರೆ ನಾನು ಏನೂ ಮಾಡುವಂತಿರಲಿಲ್ಲ. ತೆಂಗಿನಕಾಯಿಗೆ ಹೆಸರು ಬರೆದಿರುವುದಿಲ್ಲವಲ್ಲ. ಅವನು ಕಾಯಿಗಳನ್ನು ನೋಡಿದ, ನನ್ನನ್ನು ನೋಡಿದ.

"ಇದೇನ್ ಮೇಷ್ಟ್ರೇ, ಇಷ್ಟೊಂದು ಕಾಯಿ ಕಳ್ಸಿದ್ದೀರಿ?"

"ಮನೆಗೆ ಕಳಿಸುತ್ತಿದ್ದೆ" ಅಂದೆ.

ಅವನು ನಗಲಿಲ್ಲ. ನಕ್ಕಿದ್ದರೆ ನಾನು ಸಿಟ್ಟು ಮಾಡಿಕೊಂಡು ಹೇಗಾದರೂ ಮರ್ಯಾದೆ ಉಳಿಸಿಕೊಳ್ಳುತ್ತಿದ್ದೆ. ಶಿವಗಂಗಮ್ಮನನ್ನು ಕೂಗಿದ. ಇಬ್ಬರೂ ಸೇರಿ ನೀರಿನೊಳಗೆ ಕೈಯಾಡಿಸಿ ಕಾಯಿ ಎತ್ತಿ ಒಂದು ಕಡೆ ಗುಡ್ಡೆ ಹಾಕತೊಡಗಿದರು. "ಒಣಗಿಸಿ ಟ್ರಾಕ್ಟರ್‌ಗೆ ಹಾಕಿ ಕಳ್ಸಾನ ಬುಡಿ. ಇನ್ನರ್ಧ ಅಲ್ಲೇ ಅವಲ್ಲ, ಅವನ್ನೂ ಒಟ್ಟಿಗೇ ಹಾಕಿದ್ರೆ ಒಂದೇ ಟ್ರಿಪ್ಪು" ಅಂದ. ಅವನು ತಂತಿಯ ಹತ್ತಿರ ಬಂದ. "ನಾನ್ ದಾರಿ ಮುಚ್ಚಿಲ್ಲ ಕಣ್ರೀ. ಬೇಲಿ ನಿಮ್ದು. ಅದನ್ನ ನಾನು ಮುಟ್ಟಬಾರ್ದು" ಅಂದು, ಪಂಪ್‌ಹೌಸಿನಿಂದ ಕಟಿಂಗ್ ಪ್ಲೇಯರ್ ತಂದು ತಂತಿಯ ಮೇಲಿನಿಂದ ನನ್ನ ಕೈಗೆ ಕೊಟ್ಟ.

ಸೀಮೆಸುಣ್ಣ ಹಿಡಿದ ಕೈ. ಮೊದಲನೇ ತಂತಿ ಜಗ್ಗಲಿಲ್ಲ. ಅವನು ಆ ಕಡೆಯಿಂದ, "ಹಂಗಲ್ಲ, ಕೆಳಗಿಂದ ಹಿಡೀರಿ, ಬೆರಳು ತೆಗೀರಿ" ಎಂದು ಹೇಳಿಕೊಡುತ್ತಾ ನಿಂತ. ಕೈ ಮಾತ್ರ ಹಾಕಲಿಲ್ಲ. ಎರಡನೆಯದು ತುಂಡಾಗಿ ಪುಟಿದು ಬಂದು ನನ್ನ ಪಂಚೆಯನ್ನು ಮೊಳಕಾಲವರೆಗೆ ಹರಿಯಿತು. ಕಾಲುವೆ ಏರಿಯ ಮೇಲೆ ಹೋಗುತ್ತಿದ್ದವರು ನಿಂತು ನೋಡಿದರು. ಈ ಸಲ ಸರ್ವೆಯ ಮಾತು ಯಾರೂ ಎತ್ತಲಿಲ್ಲ. ಕೊನೆಯ ತಂತಿ ಬಿದ್ದ ಮೇಲೆ ನಂಜುಂಡಪ್ಪ ಒಳಗೆ ಬಂದು, ಟವೆಲ್ ಕೊಡವಿ ಬದುವಿನ ಮೇಲೆ ಹಾಸಿ, ಕೂತುಕೊಂಡು, ಬಾಯಿಗೆ ಅಡಿಕೆ ಹೋಳು ಹಾಕಿದ. ಆಮೇಲೆ ನನ್ನ ಕಡೆ ತಿರುಗಿ, "ಐಸ್‌ಲೆಂಡಿನೋರು ಬೇಲಿ ಒಳಗೆ ಹುಲ್ಲು ಬೆಳೆದ್ರು ಅಂದಿದ್ರಿ. ಆಮ್ಯಾಕೆ?" ಎಂದು ಕೇಳಿದ.

ನಾನು ಹರಿದ ಪಂಚೆ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ ಕಣ್ಣೊರೆಸಿಕೊಂಡೆ. ಇಷ್ಟು ದಿನವೂ ಅವನು ಅದನ್ನು ನೆನಪಿಟ್ಟುಕೊಂಡಿದ್ದ. ಅವತ್ತು ನಾನು ಐಸ್‌ಲೆಂಡ್ ಮುಗಿಸಿ, ಸ್ವೀಡನ್ನಿಗೆ ಹೋಗಿ, ಐರ್ಲೆಂಡಿನ ಕೋಟೆಯವರೆಗೂ ಹೋದೆ. ಬದುವಿನ ಆಚೆ, ಅಷ್ಟರಲ್ಲಿ ರಸ್ತೆ ಸುತ್ತಿ ಬಂದಿದ್ದ ನಾಗರತ್ನಳೂ ಶಿವಗಂಗಮ್ಮನೂ ಒದ್ದೆ ಕಾಯಿಗಳನ್ನು ಹರವುತ್ತಾ ನಮ್ಮಿಬ್ಬರ ವಿಷಯವೇ ಏನೋ ಮಾತಾಡಿಕೊಂಡು ನಗುತ್ತಿದ್ದರು.

ಕಾಯಿ ಅಟ್ಟ ಸೇರಿತು. ಕಲ್ಲುಕಂಬಗಳನ್ನು ಒಬ್ಬೊಬ್ಬರು ಒಂದೊಂದು ಕೆಲಸಕ್ಕೆ ಕೇಳಿ ಕಿತ್ತುಕೊಂಡು ಹೋದರು. ಈಗ ಅಲ್ಲಿ ಬೇಲಿ ಇತ್ತು ಎನ್ನುವುದಕ್ಕೆ ಗುರುತೂ ಇಲ್ಲ. ವಿಷಯ ಅಲ್ಲಿಗೆ ಮುಗಿಯಿತು ಎಂದೇ ನಾನು ತಿಳಿದಿದ್ದೆ.

ಮೊನ್ನೆ ತಿಪಟೂರಿಗೆ ಹೋಗಿದ್ದವನು ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ನೊಣವಿನಕೆರೆ ದಾಟಿ, ನಮ್ಮ ತೋಟದ ದಾರಿ ರಸ್ತೆಗೆ ಸೇರುವ ಕಡೆ ಬರುತ್ತಿದ್ದ ಹಾಗೆ ಕಂಡಕ್ಟರು ಸೀಟಿಗೆ ಒರಗಿಕೊಂಡು ಆಕಳಿಸುತ್ತಾ, "ಮೇಷ್ಟ್ರಟನ್. ಮೇಷ್ಟ್ರಟನ್ ಇಳಿಯೋರು ಬನ್ರಿ" ಎಂದು ಕೂಗಿದ. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಮುಂದಿನ ಸೀಟಿನಲ್ಲಿದ್ದವನೊಬ್ಬ ಪಕ್ಕದವನಿಗೆ, "ಅದ್ಯಾವ ಊರ್ಲಾ ಅದು? ನಾನ್ ಕೇಳೇ ಇಲ್ವಲ್ಲ" ಅಂದ.

"ಊರಲ್ಲ ಕಣ್ಲಾ, ತೋಟ. ಟನ್ ಅಂದ್ರೆ ಬೇಲಿ ಅಂತೆ. ಪರದೇಸದೋರ ಮಾತು. ಇಲ್ಲಿ ಟೀ ಅಂಗ್ಡೀಲಿ ನಂಜುಂಡಪ್ಪ ಅಂತ ಒಬ್ರು ಎಲ್ಲಾ ಹೇಳ್ತಾರೆ, ಕೇಳಾಕೆ ಚೆಂದ. ಹಿಂದೆ ಯಾರೋ ಇಂಗ್ಲಿಷ್ ಮೇಷ್ಟ್ರು ಇದ್ರಂತೆ. ತೋಟದ ಸುತ್ತ ಬೇಲಿ ಹಾಕಿ ಒಳಗೇ ಸಿಕ್ಕಾಕ್ಕೊಂಡ್ರಂತೆ."

"ಅಯ್ಯೋ ಪಾಪ. ಆಮ್ಯಾಕೆ?"

"ಆಮ್ಯಾಕೆ ಏನೋ ಗೊತ್ತಿಲ್ಲ. ಅಲ್ಲೇ ತೀರ್ಕೊಂಡಿರಬೇಕು."

ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡು ಬೇಲಿ ಹಾಕಿದರೋ, ಎಷ್ಟು ಟನ್ನುಗಳು ಹೀಗೇ ಹುಟ್ಟಿದವೋ, ನನ್ನ ನಿಘಂಟಿನಲ್ಲಿ ಅದೊಂದೂ ಇಲ್ಲ. ಎದ್ದು ನಿಂತು, ನಾನೇ ಆ ಮೇಷ್ಟ್ರು, ಬದುಕಿದ್ದೇನೆ, ಮತ್ತು ಟನ್ ಎಂದರೆ ಬರೀ ಬೇಲಿಯಲ್ಲ ಎಂದು ವಿವರಿಸಬೇಕು ಎಂದು ನಾಲಿಗೆ ತುರಿಸಿತು. ಆದರೆ ಅವರು ಅಷ್ಟು ಆಸೆಯಿಂದ ಕೇಳುತ್ತಿದ್ದರು. ಚೀಲ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ, ನನ್ನ ಸ್ಟಾಪಿನಲ್ಲಿ ಇಳಿದುಕೊಂಡೆ.